ಕರೆಂಟಿಲ್ಲದ ಗಿಟಾರು, ಹೆಸರಿಲ್ಲದ ಪದ

ಬಾಬ್ ಡಿಲನ್ ಎಂಬ ಹೆಸರನ್ನು ನಮ್ಮ ಊರಿನ ಕಡೆ ಹೆಚ್ಚಿನವರು ಮೊದಲು ಕೇಳಿದ್ದು 2016ರಲ್ಲಿ. ಅಮೆರಿಕದ ಹಾಡುಗಾರರೊಬ್ಬರಿಗೆ ಸಾಹಿತ್ಯದ ನೊಬೆಲ್ ಬಂತು ಎಂದು ಪೇಪರಿನಲ್ಲಿ ಬಂದಾಗ. ಪದ್ಯ ಹಾಡುವವರಿಗೆ ಸಾಹಿತ್ಯದ ಪ್ರಶಸ್ತಿ ಹೇಗೆ ಎಂದು ಪೇಟೆಯಲ್ಲಿ ಚರ್ಚೆ ಆಗಿತ್ತಂತೆ. ಪಂಜದಲ್ಲಿ ಅಂಥ ಚರ್ಚೆ ಆದದ್ದು ನಾನು ಕೇಳಿಲ್ಲ. ಭಾಗವತರ ಪದ ಕೇಳಿ ಬೆಳೆದವರಿಗೆ ಅದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ.

ನಾನು ಇವತ್ತು ಬರೆಯಹೊರಟದ್ದು ಅವರ ಪ್ರಶಸ್ತಿಯ ವಿಷಯ ಅಲ್ಲ. ಅವರ ಒಂದು ಹಳೆಯ ಆಲ್ಬಂ ಉಂಟು, 1992ರ ನವೆಂಬರಿನಲ್ಲಿ ಬಂದದ್ದು. ಹೆಸರು ‘ಗುಡ್ ಆ್ಯಸ್ ಐ ಬೀನ್ ಟು ಯು’. ಈ ಸಲದ ಆಟಿಯಲ್ಲಿ, ಹೊರಗೆ ಹೋಗಿ ಸುದ್ದಿ ಮಾಡಲಿಕ್ಕೆ ಮಳೆ ಬಿಡದ ದಿನಗಳಲ್ಲಿ, ನಾನು ಅದನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದೆ. ಕೇಳುತ್ತಾ ಒಂದು ಪ್ರಶ್ನೆ ಹುಟ್ಟಿತು. ಹಿಂದೆ ಹೋಗಿ ಹುಡುಕಿದರೆ ಅದೇ ಪ್ರಶ್ನೆ ನಮ್ಮ ಜಿಲ್ಲೆಯಲ್ಲೂ, ನಮ್ಮ ಗದ್ದೆಯ ಹುಣಿಯಲ್ಲೂ ಕೂತಿತ್ತು. ಹಾಡು ಯಾರದ್ದು, ಅದರ ಮೇಲೆ ಯಾರ ಹೆಸರು ಬರುತ್ತದೆ ಎಂಬ ಪ್ರಶ್ನೆ.

ಮೊದಲು ಡಿಲನ್ ಕಥೆ. ಅವರು ಹುಟ್ಟಿದ್ದು 1941ರಲ್ಲಿ, ಮಿನೆಸೋಟ ರಾಜ್ಯದಲ್ಲಿ. ಮೊದಲ ಆಲ್ಬಂ ಬಂದದ್ದು 1962ರಲ್ಲಿ. ಆಗ ಅವರ ಕೈಯಲ್ಲಿ ಇದ್ದದ್ದು ಒಂದು ಮರದ ಗಿಟಾರು, ಕುತ್ತಿಗೆಗೆ ಕಟ್ಟಿಕೊಂಡ ಹಾರ್ಮೋನಿಕಾ, ಅಂದರೆ ಬಾಯಿಯಲ್ಲಿ ಊದುವ ಪೀಪಿ. ಅಷ್ಟೇ. ಮರದ ಗಿಟಾರಿಗೆ ಕರೆಂಟು ಬೇಡ, ಅದರ ಹೊಟ್ಟೆ ಟೊಳ್ಳು, ತಂತಿ ಮೀಟಿದರೆ ಅಲ್ಲೇ ಸದ್ದು ದೊಡ್ಡದಾಗುತ್ತದೆ. ಇದಕ್ಕೆ ಅಕೂಸ್ಟಿಕ್ ಗಿಟಾರು ಎನ್ನುತ್ತಾರೆ. ರಾಕ್ ಸಂಗೀತದವರು ಬಳಸುವುದು ಹೆಚ್ಚಾಗಿ ಎಲೆಕ್ಟ್ರಿಕ್ ಗಿಟಾರು. ಅದನ್ನು ಕರೆಂಟಿಗೆ ಸಿಕ್ಕಿಸದಿದ್ದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುವುದಿಲ್ಲ, ಸಿಕ್ಕಿಸಿದರೆ ಇಡೀ ಮೈದಾನ ಅದುರುತ್ತದೆ.

1965ರ ಜುಲೈ 25ರಂದು ನ್ಯೂಪೋರ್ಟ್ ಎಂಬ ಊರಿನ ಜಾನಪದ ಹಾಡಿನ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು, ಬ್ಯಾಂಡು ಕಟ್ಟಿಕೊಂಡು ವೇದಿಕೆಗೆ ಬಂದರು. ಸೇರಿದವರಲ್ಲಿ ಕೆಲವರು ಬೊಬ್ಬೆ ಹಾಕಿದರು. ಮೂರು ಹಾಡು ಮುಗಿಸಿ ಇಳಿದು ಹೋಗಿ, ಆಮೇಲೆ ಮರದ ಗಿಟಾರು ಹಿಡಿದು ಒಬ್ಬರೇ ಬಂದು ಎರಡು ಹಾಡು ಹಾಡಿದರು. ಜನ ಸಿಟ್ಟಾದದ್ದು ಕರೆಂಟಿನ ಗಿಟಾರಿಗೋ, ಕೆಟ್ಟ ಮೈಕ್ ವ್ಯವಸ್ಥೆಗೋ ಎಂದು ಇವತ್ತಿಗೂ ವಾದ ನಡೆಯುತ್ತಾ ಉಂಟು. ಯಕ್ಷಗಾನಕ್ಕೆ ಮೈಕ್ ಬಂದ ಕಾಲದ ಬಗ್ಗೆ ಹಳಬರನ್ನು ಕೇಳಿ ನೋಡಿ, ಇದೇ ನಮೂನೆಯ ಜಗಳ ಸಿಗುತ್ತದೆ.

ಆಮೇಲಿನ 25 ವರ್ಷ ಡಿಲನ್ ಹೆಚ್ಚಾಗಿ ಬ್ಯಾಂಡಿನ ಜೊತೆಗೇ ಇದ್ದರು. ದೊಡ್ಡ ಮೈದಾನ, ದೊಡ್ಡ ಸದ್ದು. 1988ರ ಜೂನಿನಿಂದ ಊರೂರು ತಿರುಗಾಟ ಶುರು ಮಾಡಿದರು, ನಮ್ಮ ಮೇಳಗಳ ಹಾಗೆ. ವ್ಯತ್ಯಾಸ ಏನೆಂದರೆ ಅವರಿಗೆ ಪತ್ತನಾಜೆ ಇಲ್ಲ. 1990ರಲ್ಲಿ ಒಂದು ಆಲ್ಬಂ ಬಂತು. ಆಮೇಲೆ ಸ್ವಂತ ಹಾಡಿನ ಒರತೆ ನಿಂತಿತು. ಅವರೇ ಬರೆದ ಹೊಸ ಹಾಡುಗಳ ಆಲ್ಬಂ ಮತ್ತೆ ಬಂದದ್ದು 1997ರಲ್ಲಿ. ಏಳು ವರ್ಷದ ಬರ.

ಆ ಬರದ ನಡುವೆ, 1992ರಲ್ಲಿ, ಮೊದಲು ಷಿಕಾಗೊದ ಒಂದು ಸ್ಟುಡಿಯೋದಲ್ಲಿ ಬ್ಯಾಂಡಿನ ಜೊತೆ ಒಂದಷ್ಟು ಹಾಡು ರೆಕಾರ್ಡು ಮಾಡಿದರು. ಅದು ಬದಿಗೆ ಹೋಯಿತು. ಮತ್ತೆ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿರುವ ತಮ್ಮ ಮನೆಯ ಗ್ಯಾರೇಜಿನಲ್ಲಿ ಗಿಟಾರು ಹಿಡಿದು ಒಬ್ಬರೇ ಕೂತರು. ಕಾರು ನಿಲ್ಲಿಸುವ ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿದ್ದು. ಹಾಡಿದ್ದು 13 ಹಾಡು, ಒಂದೂ ಅವರು ಬರೆದದ್ದಲ್ಲ. ಎಲ್ಲವೂ ಹಳೆಯ ಪದಗಳು. ಕೆಲವು ನೂರಾರು ವರ್ಷ ಹಳೆಯವು. 1964ರ ನಂತರ ಹೀಗೆ ಇಡೀ ಆಲ್ಬಮನ್ನು ಒಬ್ಬರೇ, ಮರದ ಗಿಟಾರಿನಲ್ಲಿ, ಅವರು ಮಾಡಿರಲಿಲ್ಲ. ಆಗ ವಯಸ್ಸು 51.

ಕೇಳಲಿಕ್ಕೆ ಹೇಗಿದೆ ಎಂದರೆ, ಚಂದ ಇದೆ ಎಂದು ತಕ್ಷಣ ಹೇಳಲಿಕ್ಕಾಗುವುದಿಲ್ಲ. ಸ್ವರ ಒಡೆದಿದೆ. ಕೆಲವು ಕಡೆ ಶಬ್ದ ನುಂಗಿ ಹೋಗುತ್ತದೆ, ಇಂಗ್ಲಿಷು ಚೆನ್ನಾಗಿ ಬಲ್ಲವರಿಗೂ ಪೂರ್ತಿ ಹಿಡಿಯುವುದು ಕಷ್ಟ. ಗಿಟಾರಿನ ತಂತಿ ಒಮ್ಮೊಮ್ಮೆ ಶ್ರುತಿಗೆ ಒಂದಿಷ್ಟು ಆಚೆ ಈಚೆ. ಬೆರಳು ತಂತಿಯ ಮೇಲೆ ಜಾರುವ ಕಿರ್ ಎಂಬ ಸದ್ದು, ಉಸಿರು ಎಳೆಯುವ ಸದ್ದು, ಎಲ್ಲ ಹಾಗೇ ಬಿಟ್ಟಿದ್ದಾರೆ. ಇಯರ್‌ಫೋನ್ ಹಾಕಿ ಕೇಳಿದರೆ ಒಬ್ಬ ಮುದುಕ ಎದುರಿನ ಜಗಲಿಯಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾನೆ, ನಾವು ಒಳಗಿನಿಂದ ಕದ್ದು ಕೇಳುತ್ತಿದ್ದೇವೆ ಎನಿಸುತ್ತದೆ. ಎರಡನೇ ಸಲ ಕೇಳುವಾಗ ಆ ಒಡಕು ಸ್ವರವೇ ಹಿಡಿಯಿತು. ಚೆಂಡೆ, ಬಣ್ಣ, ಕಿರೀಟ ಏನೂ ಇಲ್ಲದ ತಾಳಮದ್ದಳೆಯಲ್ಲಿ ವಯಸ್ಸಾದ ಅರ್ಥಧಾರಿಯೊಬ್ಬರು ಮೆಲ್ಲ ಮಾತು ಶುರು ಮಾಡಿದಾಗ ಚಾವಡಿಯಲ್ಲಿದ್ದವರು ತಾವಾಗಿ ಸ್ವಲ್ಪ ಮುಂದೆ ಬಾಗುತ್ತಾರಲ್ಲ, ಹಾಗೆ.

ಮೊದಲ ಹಾಡು ಫ್ರ್ಯಾಂಕಿ ಮತ್ತು ಆಲ್ಬರ್ಟ್ ಎಂಬವರದ್ದು. ಫ್ರ್ಯಾಂಕಿ ಒಬ್ಬಳು ಹೆಂಗಸು, ಆಲ್ಬರ್ಟ್ ಅವಳ ಗೆಳೆಯ. ಅವನು ಬೇರೆಯವಳ ಜೊತೆ ಹೋದ, ಇವಳು ಗುಂಡು ಹಾರಿಸಿದಳು. ಇದು ಕಟ್ಟುಕಥೆ ಅಲ್ಲ. 1899ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಫ್ರ್ಯಾಂಕಿ ಬೇಕರ್ ಎಂಬ ಕಪ್ಪು ಹೆಂಗಸಿನ ಗುಂಡಿಗೆ ಅವಳ ಗೆಳೆಯ ಸತ್ತದ್ದು ನಿಜ. ಅವನು ಚೂರಿ ಹಿಡಿದು ಬಂದಿದ್ದ ಎಂದು ಅವಳು ಹೇಳಿದಳು, ಸ್ವರಕ್ಷಣೆ ಎಂದು ಕೋರ್ಟು ಬಿಟ್ಟಿತು. ಕೋರ್ಟು ಬಿಟ್ಟರೂ ಹಾಡು ಬಿಡಲಿಲ್ಲ. ಬೀದಿಯಲ್ಲಿ ಹುಟ್ಟಿದ ಪದ ರೈಲಿನಲ್ಲಿ, ಹಡಗಿನಲ್ಲಿ ಊರೂರು ಹೋಯಿತು. ಅವಳು ಊರು ಬಿಟ್ಟು ಬಹಳ ದೂರದ ಪೋರ್ಟ್‌ಲ್ಯಾಂಡಿಗೆ ಹೋಗಿ ಶೂ ಪಾಲಿಶಿನ ಅಂಗಡಿ ಇಟ್ಟಳು. ಅಲ್ಲಿಗೂ ಹಾಡು ಬಂತು. ಆಮೇಲೆ ಸಿನಿಮಾ ಬಂತು. ನನ್ನ ಬದುಕನ್ನು ಕೇಳದೆ ಮಾಡಿದ್ದಾರೆ ಎಂದು ಅವಳು ಸಿನಿಮಾ ಕಂಪನಿಯ ಮೇಲೆ ಕೇಸು ಹಾಕಿದಳು. 1942ರಲ್ಲಿ ಸೋತಳು. 1952ರಲ್ಲಿ ತೀರಿಹೋದಳು. ಹಾಡು ಕಟ್ಟಿದವರು ಯಾರೆಂದು ಖಚಿತ ಇಲ್ಲ, ಹಾಡಿನೊಳಗೆ ಸಿಕ್ಕಿಬಿದ್ದವಳ ಹೆಸರು ಮಾತ್ರ ಇಡೀ ಲೋಕಕ್ಕೆ ಗೊತ್ತು. ಹೆಸರು ಉಳಿದದ್ದೇ ಅವಳಿಗೆ ಉಪದ್ರ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಹಾಡನ್ನು 1928ರಲ್ಲಿ ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಕಪ್ಪು ರೈತ ರೆಕಾರ್ಡು ಮಾಡಿದ್ದರು. ಡಿಲನ್ ಹಾಡುವ ರೀತಿ ಅವರ ರೀತಿಗೆ ಹತ್ತಿರ. ಹರ್ಟ್ ಅವರ ಕಥೆ ನಮ್ಮ ಕಡೆಯವರು ಕೇಳಲೇಬೇಕಾದದ್ದು. ಮಿಸಿಸಿಪ್ಪಿ ರಾಜ್ಯದ ಆವಲಾನ್ ಎಂಬ ಸಣ್ಣ ಹಳ್ಳಿ. ಪಂಜಕ್ಕಿಂತ ಸಣ್ಣದು. ರೆಕಾರ್ಡಿಂಗ್ ಕಂಪನಿಯವರು ಅವರನ್ನು ಕರೆಸಿ ಒಂದಷ್ಟು ಹಾಡು ಹಾಡಿಸಿದರು. ರೆಕಾರ್ಡು ಹೆಚ್ಚು ಹೋಗಲಿಲ್ಲ, ಮರುವರ್ಷವೇ ದೊಡ್ಡ ಆರ್ಥಿಕ ಕುಸಿತ ಬಂತು. ಹರ್ಟ್ ಹಳ್ಳಿಗೆ ವಾಪಸು ಹೋಗಿ ಹೊಲದ ಕೆಲಸಕ್ಕೆ ನಿಂತರು. ಲೋಕ ಅವರನ್ನು ಮರೆಯಿತು.

1952ರಲ್ಲಿ ಹ್ಯಾರಿ ಸ್ಮಿತ್ ಎಂಬವರು ಇಂಥ ಹಳೆಯ ಪ್ಲೇಟುಗಳಿಂದ 84 ಹಾಡು ಆರಿಸಿ ಒಂದು ಸಂಗ್ರಹ ಹೊರತಂದರು. ಅದರಲ್ಲಿ ಹರ್ಟ್ ಅವರ ಫ್ರ್ಯಾಂಕಿಯೂ ಇತ್ತು. ಪೇಟೆಯ ಹುಡುಗರು ಕೇಳಿ ಮರುಳಾದರು. ಆದರೆ ಈ ಮನುಷ್ಯ ಎಲ್ಲಿಯವನು, ಬದುಕಿದ್ದಾನೋ ಸತ್ತಿದ್ದಾನೋ ಯಾರಿಗೂ ಗೊತ್ತಿಲ್ಲ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕನಿಗೆ ಹರ್ಟ್ ಅವರ ಇನ್ನೊಂದು ಹಾಡು ಕೇಳಲು ಸಿಕ್ಕಿತು. ಅದರಲ್ಲಿ ಆವಲಾನ್ ನನ್ನ ಊರು ಎಂಬ ಅರ್ಥದ ಮಾತು ಬರುತ್ತದೆ. ಹಳೆಯ ಭೂಪಟದಲ್ಲಿ ಆವಲಾನ್ ಹುಡುಕಿ, ಹೊರಟು, ಅಲ್ಲಿ ಹೋಗಿ ಕೇಳಿದರೆ ಹರ್ಟ್ ಅಲ್ಲೇ ಇದ್ದಾರೆ! 35 ವರ್ಷದ ನಂತರ. ಎಪ್ಪತ್ತು ದಾಟಿದ ಮುದುಕ. ಅದೇ ವರ್ಷ ನ್ಯೂಪೋರ್ಟ್ ಉತ್ಸವದಲ್ಲಿ ಅವರು ಹಾಡಿದರು, ಡಿಲನ್ ಕೂಡ ಆ ಉತ್ಸವದಲ್ಲಿದ್ದರು. ಮೂರು ವರ್ಷ ಬೆಳಕಿನಲ್ಲಿದ್ದು 1966ರಲ್ಲಿ ಹರ್ಟ್ ತೀರಿಕೊಂಡರು. ಹಾಡಿನೊಳಗೆ ಊರಿನ ಹೆಸರು ಇಟ್ಟದ್ದರಿಂದ ಆ ಮನುಷ್ಯ ಸಿಕ್ಕಿದ. ಇಡದಿದ್ದರೆ ಪ್ಲೇಟಿನ ಮೇಲಿನ ಒಂದು ಹೆಸರಾಗಿಯೇ ಉಳಿಯುತ್ತಿದ್ದರು.

ಉಳಿದ ಹಾಡುಗಳ ಹಿಂದೆಯೂ ಹೀಗೆ ಯಾರೋ ಇದ್ದಾರೆ. ಆರ್ಥರ್ ಮೆಕ್‌ಬ್ರೈಡ್ ಎಂಬ ಹಾಡಿನಲ್ಲಿ ಕ್ರಿಸ್‌ಮಸ್ ಬೆಳಗ್ಗೆ ಸಮುದ್ರ ಬದಿಯಲ್ಲಿ ನಡೆಯುತ್ತಿದ್ದ ಇಬ್ಬರನ್ನು ಸೈನ್ಯಕ್ಕೆ ಸೇರಿ ಎಂದು ಒಬ್ಬ ಸಾರ್ಜೆಂಟ್ ಪುಸಲಾಯಿಸುತ್ತಾನೆ. ಅವರು ಒಪ್ಪುವುದಿಲ್ಲ, ಮಾತಿಗೆ ಮಾತು ಬೆಳೆದು ಪೆಟ್ಟಾಗುತ್ತದೆ, ಡೋಲು ಸಮುದ್ರದ ಪಾಲಾಗುತ್ತದೆ. ಒಳ್ಳೆಯ ಗಮ್ಮತ್ತಿನ ಪದ. ಇದನ್ನು ಜನಪ್ರಿಯ ಮಾಡಿದ್ದು ಐರ್ಲೆಂಡಿನ ಪಾಲ್ ಬ್ರೇಡಿ. ಬ್ರೇಡಿಗೆ ಸಿಕ್ಕಿದ್ದು ಅಮೆರಿಕದಲ್ಲಿ, ಕ್ಯಾರಿ ಗ್ರೋವರ್ ಎಂಬ ಹೆಂಗಸಿನ ಪುಸ್ತಕದಲ್ಲಿ. ಅಪ್ಪ ಅಮ್ಮ ಮನೆಯಲ್ಲಿ ಹಾಡುತ್ತಿದ್ದ ಪದಗಳನ್ನೆಲ್ಲ ಆಕೆ ನೆನಪಿನಿಂದ ಬರೆದಿಟ್ಟಿದ್ದರು. ಅಂದರೆ ಐರ್ಲೆಂಡಿನ ಹಾಡು ಸಮುದ್ರ ದಾಟಿ ಹೋಗಿ, ಒಬ್ಬ ಗೃಹಿಣಿಯ ನೋಟುಪುಸ್ತಕದಲ್ಲಿ ಕೂತು, ಮತ್ತೆ ಐರ್ಲೆಂಡಿನವರ ಬಾಯಿಗೆ ಬಂದು, ಅಲ್ಲಿಂದ ಡಿಲನ್ ಗ್ಯಾರೇಜಿಗೆ ಹೋಯಿತು.

‘ಕನಾಡೀ-ಐ-ಓ’ ಎಂಬ ಇನ್ನೊಂದು ಹಾಡು. ಗೆಳೆಯನ ಹಿಂದೆ ಹಡಗು ಹತ್ತಿದ ಹುಡುಗಿಯ ಕಥೆ. ಇಂಗ್ಲೆಂಡಿನ ನಿಕ್ ಜೋನ್ಸ್ 1980ರಲ್ಲಿ ಹಾಡಿದ್ದನ್ನು ಕೇಳಿದವರಿಗೆ ಡಿಲನ್ ಹಾಡಿನ ಅಚ್ಚು ಎಲ್ಲಿಯದೆಂದು ತಕ್ಷಣ ಗುರುತು ಸಿಗುತ್ತದೆ. ಆ ನಿಕ್ ಜೋನ್ಸ್ 1982ರ ಫೆಬ್ರವರಿಯಲ್ಲಿ ಕಾರ್ಯಕ್ರಮ ಮುಗಿಸಿ ಮನೆಗೆ ಹೋಗುವಾಗ ಕಾರು ಅಪಘಾತಕ್ಕೆ ಸಿಕ್ಕಿ, ಮೈಯ ಎಲುಬೆಲ್ಲ ಮುರಿದು, ಬಹಳ ವರ್ಷ ವೇದಿಕೆ ಹತ್ತಲಿಲ್ಲ. ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿಯ ಹಾಡು ಇನ್ನೊಂದುಂಟು, ಜಿಮ್ ಜೋನ್ಸ್ ಎಂದು. ಅದರ ಧಾಟಿ ಆಸ್ಟ್ರೇಲಿಯಾದ ಮಿಕ್ ಸ್ಲೋಕಮ್ ಹೊಂದಿಸಿದ್ದು ಎಂದು ವಿವಾದ ಎದ್ದಿತು.

ಯಾಕೆ ವಿವಾದ? ಆಲ್ಬಮ್ಮಿನ ಹೊದಿಕೆಯಲ್ಲಿ ಹಾಡುಗಳ ಹೊಂದಾಣಿಕೆ ಬಾಬ್ ಡಿಲನ್ ಎಂದಷ್ಟೇ ಇತ್ತು. ಹರ್ಟ್ ಇಲ್ಲ, ಗ್ರೋವರ್ ಇಲ್ಲ, ಬ್ರೇಡಿ ಇಲ್ಲ, ನಿಕ್ ಜೋನ್ಸ್ ಇಲ್ಲ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ದುಡ್ಡಿನ ಲೆಕ್ಕವೂ ಹೌದು. ಹಳೆಯ ಜನಪದ ಹಾಡಿಗೆ ಕವಿ ಇಲ್ಲ, ಹಾಗಾಗಿ ಕವಿಗೆ ಹೋಗಬೇಕಾದ ರಾಯಧನಕ್ಕೆ ವಾರಸುದಾರ ಇಲ್ಲ. ಆದರೆ ಹಾಡನ್ನು ಹೊಸದಾಗಿ ಹೊಂದಿಸಿದೆ ಎಂದು ಬರೆಸಿಕೊಂಡವರಿಗೆ ಹಕ್ಕು ಬರುತ್ತದೆ. ಎಲ್ಲರಿಗೂ ಸೇರಿದ ಗೋಮಾಳಕ್ಕೆ ಒಬ್ಬರು ಬೇಲಿ ಹಾಕಿದ ಹಾಗೆ ಎಂದರೆ ಸ್ವಲ್ಪ ಜಾಸ್ತಿ ಆಗಬಹುದು. ಜನಪದ ಹಾಡುಗಾರರು ಯಾವಾಗಲೂ ಒಬ್ಬರಿಂದ ಒಬ್ಬರು ಕಲಿತವರೇ, ಡಿಲನ್ ಕೂಡ ಆ ಸಾಲಿನಲ್ಲೇ ಬಂದವರು. ನನ್ನ ತಕರಾರು ಕಲಿತದ್ದಕ್ಕಲ್ಲ. ಯಾರಿಂದ ಕಲಿತೆ ಎಂದು ಒಂದು ಸಾಲು ಬರೆಯಲಿಕ್ಕೆ ಹೊದಿಕೆಯಲ್ಲಿ ಜಾಗ ಇತ್ತು.

ಮರುವರ್ಷ, 1993ರಲ್ಲಿ, ಡಿಲನ್ ಇದೇ ನಮೂನೆಯ ಇನ್ನೊಂದು ಆಲ್ಬಂ ತಂದರು, ‘ವರ್ಲ್ಡ್ ಗಾನ್ ರಾಂಗ್’ ಎಂದು. ಮತ್ತೆ ಒಬ್ಬರೇ, ಮತ್ತೆ ಹಳೆಯ ಪದಗಳು. ಆದರೆ ಈ ಸಲ ಒಳಗೆ ಅವರೇ ಕೂತು ಬರೆದ ಟಿಪ್ಪಣಿ ಇತ್ತು. ಈ ಪದ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ ಅವರದ್ದು, ಇದು ಡಾಕ್ ವಾಟ್ಸನ್ ಅವರಿಂದ ಎಂದು ಒಂದೊಂದರ ಮೂಲವನ್ನೂ ಹೇಳಿದ್ದಾರೆ. ಹಾಡಿನ ದೃಷ್ಟಿಯಿಂದ ನನಗೆ ಮೊದಲನೆಯದೇ ಇಷ್ಟ. ಆದರೆ ಎರಡನೆಯದರ ಆ ಟಿಪ್ಪಣಿಯನ್ನು ಓದಿದಾಗ ಮನಸ್ಸಿಗೆ ಸಮಾಧಾನ ಆದದ್ದು ಸುಳ್ಳಲ್ಲ.

ಈ ಹೆಸರಿನ ವಿಷಯ ನನಗೆ ಇಷ್ಟು ತಾಗಲಿಕ್ಕೆ ಒಂದು ಸಣ್ಣ ಸ್ವಾರ್ಥವೂ ಉಂಟು. ಊರಿನಿಂದ ಸುದ್ದಿ ಕಳಿಸುವವರು ನಾವು. ಮಳೆಗೆ ಸಂಕ ಕೊಚ್ಚಿಹೋದಾಗ ಸೊಂಟದವರೆಗೆ ನೀರಿನಲ್ಲಿ ನಿಂತು ಫೋಟೋ ತೆಗೆದು ಕಳಿಸುತ್ತೇವೆ. ಮರುದಿನ ನೋಡಿದರೆ ‘ನಮ್ಮ ಪ್ರತಿನಿಧಿಯಿಂದ’ ಎಂದಿರುತ್ತದೆ. ಈ ಬ್ಲಾಗಿನಲ್ಲಿ ಬರೆಯುವ ಹೆಚ್ಚಿನವರಿಗೆ ಈ ಅನುಭವ ಹೊಸತಲ್ಲ. ಅದು ಹಾಗಿರಲಿ.

ಈಗ ನಮ್ಮ ಜಿಲ್ಲೆಗೆ ಬರುವ. ಡಿಲನ್ ಗ್ಯಾರೇಜಿನಲ್ಲಿ ಕೂತದ್ದಕ್ಕಿಂತ ಒಂದೂವರೆ ವರ್ಷ ಮೊದಲು, 1990ರ ಡಿಸೆಂಬರಿನಲ್ಲಿ, ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೊಂದು ಒಂಟಿ ಸ್ವರದ ರೆಕಾರ್ಡಿಂಗ್ ನಡೆಯಿತು. ಹಾಡಿದವರು ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು, ಕೃಷಿಕರು. ಹಾಡಿದ್ದು ಸಿರಿ ಪಾಡ್ದನ. ರೆಕಾರ್ಡು ಮಾಡಿದ್ದು ಫಿನ್ಲೆಂಡಿನಿಂದ ಬಂದ ಲೌರಿ ಹೊಂಕೊ ಎಂಬ ಜಾನಪದ ವಿದ್ವಾಂಸರ ತಂಡ, ಜೊತೆಗೆ ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು.

ಸಿರಿಯ ಕಥೆ ನಿಮಗೆ ಗೊತ್ತು. ಮಕ್ಕಳಿಲ್ಲದ ಅಜ್ಜನಿಗೆ ಹಿಂಗಾರದ ಪ್ರಸಾದದಿಂದ ಹುಟ್ಟಿದ ಮಗಳು, ಗಂಡನ ಮನೆಯ ಅನ್ಯಾಯ ಸಹಿಸದೆ ಬರ ಹೇಳಿ ಹೊರಟವಳು. ಅವಳ ಮಗಳ ಮಕ್ಕಳಾದ ಅಬ್ಬಗ ದಾರಗರ ಕೈಗೆ ಚೆನ್ನೆಮಣೆ ಸಿಕ್ಕಿ ಕಥೆ ಮುಗಿಯುವುದೂ ಗೊತ್ತು. ಬೇಸಗೆಯ ಹುಣ್ಣಿಮೆಗಳಲ್ಲಿ ಹಿರಿಯಡ್ಕ, ಕವತ್ತಾರು, ನಂದಳಿಕೆ ಕಡೆ ಸಿರಿ ಜಾತ್ರೆ ಆಗುತ್ತದೆ. ಗೋಪಾಲ ನಾಯ್ಕರು ಅಂಥ ಜಾತ್ರೆಗಳಲ್ಲಿ ಕುಮಾರನ ಪಾತ್ರದಲ್ಲಿ ನಿಂತು ಸಿರಿಗಳನ್ನು ನಡೆಸುತ್ತಿದ್ದವರು. ಓದು ಬರಹದಿಂದ ಕಲಿತದ್ದಲ್ಲ, ಕಿವಿಯಿಂದ ಕಲಿತದ್ದು.

ರೆಕಾರ್ಡಿಂಗ್ ಹಲವು ದಿನ ನಡೆಯಿತು. ಪಕ್ಕವಾದ್ಯ ಇಲ್ಲ. ಎಲ್ಲ ಬರೆದು ಎಣಿಸಿದಾಗ 15,683 ಸಾಲು! ಗ್ರೀಕರ ಹೋಮರನ ಇಲಿಯಡ್ ಹೆಚ್ಚುಕಡಿಮೆ ಅಷ್ಟೇ ಉದ್ದ. ಇನ್ನೊಂದು ಕುತೂಹಲ ಏನೆಂದರೆ, ಅದಕ್ಕೂ ಕೆಲವು ವರ್ಷ ಮೊದಲು ಚಿನ್ನಪ್ಪ ಗೌಡರು ಅವರಿಂದ ಇದೇ ಪಾಡ್ದನವನ್ನು ಹೇಳಿಸಿ ಕೈಯಲ್ಲಿ ಬರೆದುಕೊಂಡಿದ್ದರು. ಆಗ ಎಂಟೂವರೆ ಸಾವಿರ ಸಾಲಿನಷ್ಟು ಆಗಿತ್ತು. ಹೇಳಿ ಬರೆಸಿದಾಗ ಅರ್ಧ, ಹಾಡಿದಾಗ ಇಡೀ. ಬರೆಯುವವರ ಕೈ ಸೋಲುತ್ತದೆ ಎಂದು ಹೇಳುವವರು ಚುಟುಕು ಮಾಡುತ್ತಾರೆ. ಯಂತ್ರಕ್ಕೆ ಕೈ ಸೋಲುವುದಿಲ್ಲ, ಹಾಡುವವರಿಗೆ ಅವಸರ ಇಲ್ಲ.

1998ರಲ್ಲಿ ಪುಸ್ತಕ ಹೆಲ್ಸಿಂಕಿಯಲ್ಲಿ ಬಂತು. ತುಳು ಒಂದು ಕಡೆ, ಇಂಗ್ಲಿಷು ಅನುವಾದ ಒಂದು ಕಡೆ. ಅದರ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯ’ ಎಂದಾಗುತ್ತದೆ. ಹಾಡಿದವರ ಹೆಸರು ಒಳಪುಟದ ಕೆಳಗಡೆ ಅಲ್ಲ, ಪುಸ್ತಕದ ತಲೆಬರಹದಲ್ಲೇ ಇದೆ. ನಮ್ಮಲ್ಲಿ ಪಾಡ್ದನ ಅಚ್ಚಾಗುವುದು ಹೊಸತಾಗಿರಲಿಲ್ಲ. 1886ರಲ್ಲೇ ಮಂಗಳೂರಿನ ಬಾಸೆಲ್ ಮಿಶನಿನ ಮ್ಯಾನರ್ ಎಂಬವರು ‘ಪಾಡ್ದನೊಳು’ ಎಂದು ಸಂಗ್ರಹ ಪ್ರಕಟಿಸಿದ್ದರು. ಆ ಪುಸ್ತಕ ಇವತ್ತಿಗೂ ಮ್ಯಾನರ್ ಪುಸ್ತಕ ಎಂದೇ ಹೆಸರಾದದ್ದು, ಬರೆದುಕೊಂಡವರ ಹೆಸರಿನಿಂದ. ಅಲ್ಲಿಂದ ಗೋಪಾಲ ನಾಯ್ಕರ ಹೆಸರು ತಲೆಬರಹಕ್ಕೆ ಬರಲಿಕ್ಕೆ 112 ವರ್ಷ ಹಿಡಿಯಿತು.

ಕಾನೂನಿನಲ್ಲೂ ಅದೇ ಕಾಲಕ್ಕೆ ಒಂದು ಬದಲಾವಣೆ ಆಯಿತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದಕ್ಕೆ 1994ರಲ್ಲಿ ತಿದ್ದುಪಡಿ ಆಗಿ, ಬರೆದವರಿಗೆ ಮಾತ್ರ ಅಲ್ಲ, ಪ್ರದರ್ಶನ ಕೊಡುವವರಿಗೂ ಹಕ್ಕು ಬಂತು. ಯಾರೆಲ್ಲ ಪ್ರದರ್ಶಕರು ಎಂಬ ಪಟ್ಟಿಯಲ್ಲಿ ಗಾಯಕರ ಜೊತೆ ದೊಂಬರಾಟದವರು, ಹಾವಾಡಿಗರು ಸಹ ಇದ್ದಾರೆ. ಅಂದರೆ ಅಜ್ಜಿ ಹಾಡಿದ ಪದ ಅಜ್ಜಿಯದ್ದಲ್ಲದಿರಬಹುದು, ಆದರೆ ಆ ದಿನ ಆ ಸ್ವರದಲ್ಲಿ ಅದನ್ನು ಹಾಡಿದ್ದು ಅಜ್ಜಿಯದ್ದೇ. ಕೇಳದೆ ರೆಕಾರ್ಡು ಮಾಡಿ ಮಾರುವ ಹಾಗಿಲ್ಲ. ಇದು ಎಷ್ಟು ಜನರಿಗೆ ಗೊತ್ತಿದೆ? ಫೋನು ಎತ್ತಿ ವೀಡಿಯೊ ಮಾಡುವುದು ಒಂದು ನಿಮಿಷದ ಕೆಲಸ ಆಗಿದೆ. ಯೂಟ್ಯೂಬಿನಲ್ಲಿ ‘ಜನಪದ’ ಎಂಬ ಒಂದು ಶಬ್ದದ ಅಡಿಯಲ್ಲಿ ಎಷ್ಟೋ ಅಜ್ಜಿಯಂದಿರು ಹೆಸರಿಲ್ಲದೆ ಹಾಡುತ್ತಾ ಇದ್ದಾರೆ. ಕೆಳಗೆ ಚಾನೆಲಿನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಉಂಟು.

ಪಂಜದ ಸುತ್ತಮುತ್ತ ಈ ಪದಗಳು ಇದ್ದದ್ದು ಗದ್ದೆಯಲ್ಲಿ. ನೇಜಿ ನಡುವಾಗ ಒಬ್ಬಳು ಎತ್ತಿಕೊಡುವುದು, ಉಳಿದವರು ಸೊಲ್ಲು ತೆಗೆದುಕೊಳ್ಳುವುದು. ಬೆನ್ನು ಬಗ್ಗಿಸಿ ನಡುವ ಕೆಲಸಕ್ಕೆ ಆ ಲಯ ಬೇಕಿತ್ತು, ಲಯಕ್ಕೆ ಆ ಕೆಲಸ ಬೇಕಿತ್ತು. ಈಗ ಬೈಲು ಬೈಲೇ ಅಡಿಕೆ ತೋಟ ಆಗಿದೆ, ಗುಡ್ಡೆಯಲ್ಲಿ ರಬ್ಬರು. ಗದ್ದೆ ಇರುವ ಕಡೆಯೂ ನಡುವುದು ಯಂತ್ರ. ಅಡಿಕೆ ಸುಲಿಯುವಾಗ ಮಾತು ಬರುತ್ತದೆ, ಪದ ಬರುವುದಿಲ್ಲ, ಯಾಕೆಂದರೆ ಸುಲಿಯುವವರ ಕೈ ಒಂದೊಂದು ಒಂದೊಂದು ವೇಗದಲ್ಲಿ ಓಡುತ್ತದೆ. ಈಗ ಆ ತೋಟಕ್ಕೂ ಹಳದಿ ರೋಗ ಬಂದಿದೆ. ಪುನಃ ಗದ್ದೆ ಮಾಡಿದರೂ ಪದ ಎತ್ತಿಕೊಡುವವರು ಇರುವುದಿಲ್ಲ.

ನಮ್ಮ ಮನೆಯ ಆಚೆ ಬದಿ ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಮೊನ್ನೆ ಮಳೆಯ ಮಧ್ಯೆ ಬಚ್ಚಲಿಗೆ ಸೌದೆ ಒಟ್ಟುತ್ತಿದ್ದಾಗ ನಾನು ಅವರಿಗೆ ಡಿಲನ್ ಹಾಡು ಹಾಕಿ ಕೇಳಿಸಿದೆ. ಒಂದು ನಿಮಿಷ ಕೇಳಿ, “ಇವನಿಗೆ ಶೀತ ಆಗಿದೆಯಾ ಮಗಾ?” ಎಂದು ಕೇಳಿದರು. ಅಲ್ಲ ಅಜ್ಜಿ, ಸ್ವರವೇ ಹಾಗೆ ಎಂದೆ. ಮತ್ತೆ ಸ್ವಲ್ಪ ಕೇಳಿ, “ಒಬ್ಬನೇ ಹಾಡುವುದಲ್ಲವಾ, ಸೊಲ್ಲು ತೆಗೆಯುವವರು ಇಲ್ಲ, ಪಾಪ” ಎಂದರು. ಈ ಆಲ್ಬಮ್ಮಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಇರಲಿಲ್ಲ. ಕಡೆಯ ಹಾಡು ಕಪ್ಪೆಯೊಂದು ಇಲಿಯನ್ನು ಮದುವೆಗೆ ಕೇಳಲು ಹೋಗುವ ಕಥೆ ಎಂದು ವಿವರಿಸಿದಾಗ ನಕ್ಕರು. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ನಾಲ್ಕುನೂರು ವರ್ಷಕ್ಕೂ ಹಿಂದಿನ ಪದ ಅದು. ಮಳೆ ಬರಲಿ ಎಂದು ಕಪ್ಪೆಗೆ ಮದುವೆ ಮಾಡುವ ನಾಡಿನವರಿಗೆ ಅದೇನೂ ವಿಚಿತ್ರ ಅಲ್ಲ.

ಆಮೇಲೆ ಅವರಾಗಿಯೇ ಒಂದು ಪದ ಎತ್ತಿದರು. ನೇಜಿಯ ಪದ. ಮೊದಲು ಸ್ವರ ನಡುಗಿತು, ನಾಲ್ಕನೇ ಸಾಲಿಗೆ ಕೂತಿತು. ಕೈ ಮಾತ್ರ ಸುಮ್ಮನೆ ಇರಲಿಲ್ಲ, ಮಡಿಲಿನ ಮೇಲೆ ಒಂದೇ ಅಳತೆಯಲ್ಲಿ ಕೆಳಗೆ ಮೇಲೆ ಹೋಗುತ್ತಿತ್ತು, ನೇಜಿ ಊರಿದ ಹಾಗೆ. ರೆಕಾರ್ಡು ಮಾಡಲಾ ಎಂದು ಕೇಳಿದೆ, ಮಾಡು ಎಂದರು. ಮತ್ತೆ ಮೊದಲಿನಿಂದ ಹಾಡಿದರು. 11 ನಿಮಿಷ ಆಯಿತು. ಹಂಚಿನ ಮೇಲೆ ಬೀಳುವ ಮಳೆಯೂ ಅದರಲ್ಲಿ ಸೇರಿದೆ. ಡಿಲನ್ ಗ್ಯಾರೇಜಿನಲ್ಲಿ ಮಳೆ ಇರಲಿಲ್ಲ.

ಇಷ್ಟೆಲ್ಲ ಓದಿಕೊಂಡ ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದೆ, ಅಜ್ಜಿ, ಇದರ ಮೇಲೆ ನಿಮ್ಮ ಹೆಸರು ಹಾಕುತ್ತೇನೆ ಎಂದು. ಬೇಡವೇ ಬೇಡ ಎಂದರು. ಇದು ನನ್ನ ಪದ ಅಲ್ಲ, ನನ್ನ ಅತ್ತೆ ಹೇಳಿಕೊಟ್ಟದ್ದು, ಹಾಕುವುದಿದ್ದರೆ ಅವರ ಹೆಸರು ಹಾಕು. ನನ್ನ ಹೆಸರು ಫೋನಿನಲ್ಲಿ ಊರು ಸುತ್ತುವುದು ಬೇಡ, ಮಕ್ಕಳು ಮೊಮ್ಮಕ್ಕಳು ಏನಾದರೂ ಹೇಳಿಯಾರು. ನನಗೆ ಫ್ರ್ಯಾಂಕಿ ಬೇಕರ್ ನೆನಪಾದಳು. ಹೆಸರು ಹಾಕದೆ ಇರುವುದು ಒಂದು ಅನ್ಯಾಯ, ಬೇಡ ಎಂದವರ ಹೆಸರನ್ನು ಹಾಕುವುದು ಇನ್ನೊಂದು. ಸಿರಿ ಪುಸ್ತಕದ ಹೊಂಕೊ ತಂಡಕ್ಕೆ ವರ್ಷಗಟ್ಟಲೆ ಪರಿಚಯ ಇತ್ತು, ಗೋಪಾಲ ನಾಯ್ಕರು ತಿಳಿದೇ ಹಾಡಿದ್ದರು. ಸೌದೆ ಒಟ್ಟುವ ಹೊತ್ತಿನಲ್ಲಿ ಫೋನು ಹಿಡಿದವನಿಗೆ ಆ ಅಧಿಕಾರ ಬರುವುದಿಲ್ಲ.

ಹಾಗಾಗಿ ಆ ರೆಕಾರ್ಡನ್ನು ಎಲ್ಲಿಯೂ ಹಾಕಿಲ್ಲ. ಆದರೆ ಒಂದು ಕೆಲಸ ಮಾಡಿದ್ದೇನೆ. ಪದದ ಕೊನೆಗೆ ಅಜ್ಜಿಯ ಬಾಯಲ್ಲೇ ಹೇಳಿಸಿ ಸೇರಿಸಿದ್ದೇನೆ: ಅತ್ತೆಯ ಹೆಸರು, ಅತ್ತೆ ಯಾವ ಊರಿನಿಂದ ಮದುವೆಯಾಗಿ ಬಂದವರು, ಯಾವ ಗದ್ದೆಯಲ್ಲಿ ಇದನ್ನು ಹಾಡುತ್ತಿದ್ದರು, ಯಾವ ತಿಂಗಳು. ಆ ಗದ್ದೆಗೆ ಒಂದು ಹೆಸರಿತ್ತು, ಈಗ ತೋಟ ಆದ ಮೇಲೆ ಆ ಹೆಸರು ಕರೆಯುವವರು ಯಾರೂ ಇಲ್ಲ. ಕಡತದ ಎರಡು ಪ್ರತಿ ಮಾಡಿ ಒಂದನ್ನು ಅವರ ಮೊಮ್ಮಗಳ ಫೋನಿಗೆ ಕಳಿಸಿದ್ದೇನೆ.

ಪದ ಇನ್ನೂ ಅರ್ಧ ಉಂಟಂತೆ. ಆಟಿ ಕಳೆಯಲಿ, ಗಂಟಲು ಸರಿಯಾದ ಮೇಲೆ ಹೇಳುತ್ತೇನೆ ಎಂದಿದ್ದಾರೆ. ಆ ದಿನ ಸೊಲ್ಲು ತೆಗೆಯಲಿಕ್ಕೆ ಕೆಳಗಿನ ಮನೆಯ ಇನ್ನೊಬ್ಬರನ್ನೂ ಕರೆದುಕೊಂಡು ಬರಬೇಕಂತೆ. ಅವರಿಗೆ ಈಗ ಕಿವಿ ಮಂದ, ಹತ್ತಿರ ಕೂರಿಸಬೇಕು.